ಥಂಡರ್‌ಬರ್ಡ್ ನಿಧಾನವಾದಾಗ: ಕಾಂಪ್ಯಾಕ್ಟ್ ಮಾಡುವುದೇ, ಹಳೆಯ ಪತ್ರ ಬೇರ್ಪಡಿಸುವುದೇ, ಎಸ್‌ಎಸ್‌ಡಿ ಹಾಕಿಸುವುದೇ?

ಇಮೇಲ್ ಪ್ರೋಗ್ರಾಂ ನಿಧಾನವಾಗಿದೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಹಲವು ಬೇರೆ ಬೇರೆ ತೊಂದರೆಗಳಿರುತ್ತವೆ. ಪ್ರೋಗ್ರಾಂ ತೆರೆದುಕೊಳ್ಳುವುದೇ ತಡವಾಗಬಹುದು. ತೆರೆದ ಮೇಲೆ ಇನ್‌ಬಾಕ್ಸ್ ಒತ್ತಿದಾಗ ಪರದೆ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎಂದು ನಿಂತುಬಿಡಬಹುದು. ಹುಡುಕಾಟಕ್ಕೆ ಉತ್ತರ ಬರುವಷ್ಟರಲ್ಲಿ ಏನು ಹುಡುಕುತ್ತಿದ್ದೆವೆಂಬುದೇ ಮರೆಯುವಷ್ಟು ಹೊತ್ತಾಗಬಹುದು, ಇಲ್ಲವೇ ಪತ್ರ ಬರೆಯುವಾಗ ಒತ್ತಿದ ಅಕ್ಷರ ತಡವಾಗಿ ಮೂಡಬಹುದು. ಇವುಗಳ ಕಾರಣಗಳು ಒಂದೇ ಅಲ್ಲವಾದ್ದರಿಂದ ಪರಿಹಾರಗಳೂ ಒಂದೇ ಅಲ್ಲ. ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಈ ನಾಲ್ಕೂ ತೊಂದರೆಗಳು ಒಟ್ಟಿಗೇ ಇದ್ದುದರಿಂದ, ಸಾಮಾನ್ಯವಾಗಿ ಸೂಚಿಸಲಾಗುವ ಪರಿಹಾರಗಳನ್ನು ಒಂದೊಂದಾಗಿ ಮಾಡಿ ನೋಡಿ, ಯಾವುದು ಯಾವುದಕ್ಕೆ ಉಪಯೋಗವಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಂಪ್ಯೂಟರ್ ವಿಂಡೋಸಿನದು; 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇದ್ದ ಹಳೆಯ ಯಂತ್ರ. ನಾವು ಬಳಸುವ ಇಮೇಲ್ ಪ್ರೋಗ್ರಾಂ ಆದ ಥಂಡರ್‌ಬರ್ಡ್‌ನಲ್ಲಿ ಎರಡು ಖಾತೆಗಳಿದ್ದವು. ಒಂದು, ಪತ್ರಗಳನ್ನು ಸರ್ವರಿನಲ್ಲಿಯೇ ಉಳಿಸಿ ಇಲ್ಲಿ ತೋರಿಸುವ ಐಮ್ಯಾಪ್ ಎಂಬ ವಿಧಾನದ ಮೂಲಕ ಬರುವ ಜಿಮೇಲ್. ಇನ್ನೊಂದು ಪಿಒಪಿ ಖಾತೆ, ಅದರ ಪತ್ರಗಳು ಇಳಿದ ಮೇಲೆ ಸರ್ವರಿನಲ್ಲಿ ಉಳಿಯುವುದಿಲ್ಲ. ಈ ಎರಡನೆಯ ಖಾತೆಯಲ್ಲಿ ಆಸ್ತಿ ಪತ್ರಗಳ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ತೀರಿಕೊಂಡ ಹಿರಿಯರು ಬರೆದ ಪತ್ರಗಳು ಇವೆ. ಅವು ಇದ್ದುದು ಆ ಒಂದು ಡಿಸ್ಕಿನಲ್ಲಿ ಮಾತ್ರ. ‘ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ’ ಎಂಬ ಸಲಹೆ ನಮ್ಮಂಥವರಿಗೆ ಪರಿಹಾರವೇ ಅಲ್ಲ.

ಹೋಲಿಕೆ ನ್ಯಾಯವಾಗಿರಬೇಕೆಂದು ಎರಡು ನಿಯಮ ಇಟ್ಟುಕೊಂಡೆ. ಮೊದಲನೆಯದಾಗಿ, ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಪುಟದಿಂದ ಪತ್ರಗಳೂ ಸೆಟ್ಟಿಂಗುಗಳೂ ಇರುವ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ಕಂಡುಕೊಂಡು, ಥಂಡರ್‌ಬರ್ಡ್ ಮುಚ್ಚಿ, ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಪ್ರತಿ ಪ್ರಯೋಗಕ್ಕೂ ಮುಂಚೆ ಆ ನಕಲನ್ನೇ ಮರಳಿ ಹಾಕಿದ್ದರಿಂದ ಪ್ರತಿ ಪರಿಹಾರವೂ ಒಂದೇ ಸ್ಥಿತಿಯಿಂದ ಆರಂಭವಾಯಿತು. ಎರಡನೆಯದಾಗಿ, ಸಮಯ ನೋಡುವ ಮೊದಲು ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದೆ. ಇತ್ತೀಚೆಗೆ ಓದಿದ ಫೈಲುಗಳನ್ನು ವಿಂಡೋಸ್ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ, ಯಾವುದೇ ಪ್ರೋಗ್ರಾಂ ಎರಡನೆಯ ಬಾರಿ ತೆರೆದಾಗ ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತದೆ. ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಯಾವುದೋ ಸೆಟ್ಟಿಂಗ್ ಬದಲಿಸಿ ‘ಈಗ ಸರಿಹೋಯಿತು’ ಎನ್ನುವವರು ಬಹಳ ಮಂದಿ.

ಪರಿಹಾರಗಳಿಗೆ ಕೈಹಾಕುವ ಮುನ್ನ ಎರಡು ಸಣ್ಣ ಪರೀಕ್ಷೆಗಳನ್ನು ಮಾಡುವುದು ಒಳ್ಳೆಯದು. ‘ವರ್ಕ್ ಆಫ್‌ಲೈನ್’ ಆಯ್ಕೆ ಮಾಡಿದ ಮೇಲೂ ಫೋಲ್ಡರುಗಳು ನಿಧಾನವಾಗಿಯೇ ತೆರೆದರೆ ತೊಂದರೆ ಇಂಟರ್‌ನೆಟ್ಟಿನದಲ್ಲ, ಕಂಪ್ಯೂಟರಿನೊಳಗಿನದು. ‘ಟ್ರಬಲ್‌ಶೂಟ್ ಮೋಡ್’ನಲ್ಲಿ ತೆರೆದಾಗ ಚುರುಕಾದರೆ ತಪ್ಪು ಹೆಚ್ಚಾಗಿ ನಾವು ಪ್ರತ್ಯೇಕವಾಗಿ ಸೇರಿಸಿಕೊಂಡ ಯಾವುದೋ ಆ್ಯಡ್-ಆನ್‌ನದು. ನಮ್ಮ ಯಂತ್ರದಲ್ಲಿ ಎರಡರಿಂದಲೂ ವ್ಯತ್ಯಾಸ ಕಾಣಲಿಲ್ಲ. ಆಗ ಡಿಸ್ಕಿನಲ್ಲಿರುವ ಫೈಲುಗಳ ಕಡೆಗೆ ನೋಡಬೇಕೆಂಬುದು ಖಚಿತವಾಯಿತು.

ಮೊದಲ ಸ್ಪರ್ಧಿ ಕಾಂಪ್ಯಾಕ್ಟ್. ಥಂಡರ್‌ಬರ್ಡ್ ವಾಡಿಕೆಯಂತೆ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಎಂಬಾಕ್ಸ್ ಎಂಬ ರೂಪದ ಒಂದೇ ಉದ್ದನೆಯ ಫೈಲಿನಲ್ಲಿ, ಒಂದರ ಹಿಂದೆ ಒಂದನ್ನು ಜೋಡಿಸುತ್ತಾ ಹೋಗುತ್ತದೆ. ನಾವು ಡಿಲೀಟ್ ಒತ್ತಿದಾಗ ಪತ್ರ ಪಟ್ಟಿಯಿಂದ ಮರೆಯಾಗುತ್ತದೆಯೇ ಹೊರತು ಫೈಲಿನಿಂದ ಹೋಗುವುದಿಲ್ಲ. ಇದನ್ನು ಕಣ್ಣಾರೆ ನೋಡಲು ನಾನು ಇನ್‌ಬಾಕ್ಸ್ ಫೈಲಿನ ನಕಲೊಂದನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದೆ. ಎಂದೋ ಅಳಿಸಿದ ರೈಲ್ವೆ ಟಿಕೆಟ್ಟಿನ ಪತ್ರ, ಪ್ರಯಾಣಿಕರ ಹೆಸರು ಮತ್ತು ಬೋಗಿ ಸಂಖ್ಯೆಯ ಸಮೇತ, ಅಲ್ಲಿಯೇ ಇತ್ತು. ಪತ್ರದ ತಲೆಭಾಗದಲ್ಲಿ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್’ ಎಂಬ ಸಾಲಿನ ಅಂಕಿಯೊಂದು ಬದಲಾಗಿತ್ತು, ಅಷ್ಟೇ. ಅದರ ಕೆಳಗೆ ಅಟ್ಯಾಚ್‌ಮೆಂಟ್‌ನ ಅರ್ಥವಾಗದ ಅಕ್ಷರಗಳು ಪುಟಗಟ್ಟಲೆ ಸಾಗಿದ್ದವು. ಅಟ್ಯಾಚ್‌ಮೆಂಟುಗಳು ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಬದಲಾಗಿ ಬರುತ್ತವೆ. ಹಾಗೆ ಬದಲಾಗುವಾಗ ಅವುಗಳ ಗಾತ್ರ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. 9 ಎಂಬಿಯ ಸ್ಕ್ಯಾನ್ ಪ್ರತಿ ಡಿಸ್ಕಿನಲ್ಲಿ 12 ಎಂಬಿ ಹಿಡಿಯುತ್ತದೆ, ಅಳಿಸಿದ ಮೇಲೂ ಕಾಂಪ್ಯಾಕ್ಟ್ ಮಾಡುವವರೆಗೆ ಹಿಡಿದೇ ಇರುತ್ತದೆ.

ಕಾಂಪ್ಯಾಕ್ಟ್ ಎಂದರೆ ಉಳಿಸಿಕೊಂಡ ಪತ್ರಗಳನ್ನು ಮಾತ್ರ ಹೊಸ ಫೈಲಿಗೆ ಬರೆದು, ಹಳೆಯದರ ಜಾಗದಲ್ಲಿ ಅದನ್ನು ಇಡುವುದು. ಆದ್ದರಿಂದ ಅದಕ್ಕೆ ಡಿಸ್ಕಿನಲ್ಲಿ ಖಾಲಿ ಜಾಗ ಬೇಕು; ಆ ಹೊತ್ತಿನಲ್ಲಿ ಪ್ರೋಗ್ರಾಂ ಮುಚ್ಚಬಾರದು, ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದ ಮನೆಯವರು ಇದನ್ನು ಮಳೆಗಾಲದ ಸಂಜೆ ಮಾಡದಿರುವುದೇ ಮೇಲು. ನಮ್ಮಲ್ಲಿ ಇನ್‌ಬಾಕ್ಸ್ ಫೈಲು ಅರ್ಧಕ್ಕೂ ಕಡಿಮೆಯಾಯಿತು. ಇನ್‌ಬಾಕ್ಸ್ ಒತ್ತಿದಾಗ ಪರದೆ ಬಿಳಿಚಿಕೊಳ್ಳುವುದು ಬಹುಮಟ್ಟಿಗೆ ನಿಂತಿತು. ಪ್ರೋಗ್ರಾಂ ತೆರೆಯುವ ಸಮಯ ಮಾತ್ರ ಸ್ವಲ್ಪವಷ್ಟೇ ತಗ್ಗಿತು, ಹುಡುಕಾಟದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಹಣ ಖರ್ಚಿಲ್ಲದ ಪರಿಹಾರಗಳಲ್ಲಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ.

ಇದರ ಜೊತೆಗೇ ಹೇಳಲಾಗುವ ‘ರಿಪೇರ್ ಫೋಲ್ಡರ್’ ಬೇರೆಯದೇ ಕೆಲಸ. ಪ್ರತಿ ಫೋಲ್ಡರಿಗೂ ಎಂಎಸ್‌ಎಫ್ ಎಂಬ ಕೊನೆಯುಳ್ಳ ಒಂದು ಸೂಚಿ ಫೈಲು ಇರುತ್ತದೆ. ರಿಪೇರ್ ಅದನ್ನು ಹೊಸದಾಗಿ ಕಟ್ಟುತ್ತದೆ. ಪಟ್ಟಿಯಲ್ಲಿ ಕಾಣುವ ವಿಷಯ ಒಂದು, ತೆರೆದಾಗ ಬರುವ ಪತ್ರ ಇನ್ನೊಂದು ಎಂಬಂಥ ಗೊಂದಲಗಳಿಗೆ ಇದು ತಕ್ಕ ಮದ್ದು. ವೇಗದ ವಿಷಯದಲ್ಲಿ ನಮಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ.

ಹುಡುಕಾಟದ ನಿಧಾನಕ್ಕೂ, ಪತ್ರ ಬರೆಯುವಾಗಿನ ಎಳೆದಾಟಕ್ಕೂ ನಮ್ಮಲ್ಲಿ ಒಂದೇ ಕಾರಣ ಸಿಕ್ಕಿದ್ದು ಆಶ್ಚರ್ಯವೆನಿಸಿತು. ಥಂಡರ್‌ಬರ್ಡ್ ಎಲ್ಲ ಪತ್ರಗಳ ಪದಗಳನ್ನೂ ‘ಗ್ಲೋಬಲ್-ಮೆಸೇಜಸ್-ಡಿಬಿ’ ಎಂಬ ಡೇಟಾಬೇಸಿನಲ್ಲಿ ಸೇರಿಸಿಟ್ಟುಕೊಳ್ಳುತ್ತದೆ, ಮತ್ತು ಈ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ‘ಆ್ಯಕ್ಟಿವಿಟಿ ಮ್ಯಾನೇಜರ್’ ತೆರೆದು ನೋಡಿದರೆ ಅದು ಯಾವ ಫೋಲ್ಡರಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಅದು ಒಂದೇ ಫೋಲ್ಡರಿನ ಸುತ್ತ ಮತ್ತೆ ಮತ್ತೆ ತಿರುಗುತ್ತಿತ್ತು. ಇಲ್ಲಿ ಎರಡು ದಾರಿಗಳಿವೆ. ಸೆಟ್ಟಿಂಗ್ಸ್‌ನ ‘ಜನರಲ್’ ಭಾಗದಲ್ಲಿ ‘ಗ್ಲೋಬಲ್ ಸರ್ಚ್ ಆ್ಯಂಡ್ ಇಂಡೆಕ್ಸರ್’ ಎಂಬುದರ ಗುರುತು ತೆಗೆದು ಅದನ್ನು ನಿಲ್ಲಿಸಿಬಿಡುವುದು ಒಂದು. ಪ್ರೋಗ್ರಾಂ ಮುಚ್ಚಿ ಆ ಡೇಟಾಬೇಸ್ ಫೈಲನ್ನು ಅಳಿಸಿ, ಮತ್ತೆ ತೆರೆದು ಹೊಸದಾಗಿ ಕಟ್ಟಿಕೊಳ್ಳಲು ಬಿಡುವುದು ಇನ್ನೊಂದು. ಪತ್ರಗಳು ಬೇರೆ ಫೈಲುಗಳಲ್ಲಿರುವುದರಿಂದ ಈ ಡೇಟಾಬೇಸ್ ಅಳಿಸಿದರೆ ಪತ್ರಗಳಿಗೆ ಧಕ್ಕೆಯಿಲ್ಲ. ನಿಲ್ಲಿಸಿದಾಗ ಟೈಪಿಂಗ್ ತಕ್ಷಣವೇ ಸರಾಗವಾಯಿತು, ಆದರೆ ಎಲ್ಲ ಫೋಲ್ಡರುಗಳಲ್ಲಿ ಒಟ್ಟಿಗೆ ಬೇಗನೆ ಹುಡುಕುವ ಸೌಲಭ್ಯ ಕೈಬಿಟ್ಟಿತು. ಹೊಸದಾಗಿ ಕಟ್ಟಿದಾಗ ಮೊದಲ ಒಂದು ರಾತ್ರಿ ಯಂತ್ರ ಒದ್ದಾಡಿತು, ಆಮೇಲೆ ಟೈಪಿಂಗ್, ಹುಡುಕಾಟ ಎರಡೂ ಸರಿಯಾದವು. ಹಳೆಯ ಪತ್ರಗಳನ್ನು ಹುಡುಕುವುದೇ ಮುಖ್ಯವಾದ ನಮ್ಮ ಮನೆಗೆ ಎರಡನೆಯ ದಾರಿಯೇ ಸರಿ. ತಿಂಗಳಿಗೊಮ್ಮೆ ಹುಡುಕುವವರು ಅದನ್ನು ನಿಲ್ಲಿಸಿ, ಆಯಾ ಫೋಲ್ಡರಿನೊಳಗೆ ಸೋಸುವ ‘ಕ್ವಿಕ್ ಫಿಲ್ಟರ್’ ಪಟ್ಟಿಯಿಂದಲೇ ಕೆಲಸ ನಡೆಸಬಹುದು.

ಆ್ಯಂಟಿವೈರಸ್‌ನ ವಿಷಯದಲ್ಲಿ ನಾನು ಹೆಚ್ಚು ಯೋಚಿಸಬೇಕಾಯಿತು, ಏಕೆಂದರೆ ಇಲ್ಲಿ ವೇಗಕ್ಕೂ ಸುರಕ್ಷತೆಗೂ ಎಳೆದಾಟವಿದೆ. ಸಾವಿರಾರು ಪತ್ರಗಳು ಒಂದೇ ಫೈಲಿನಲ್ಲಿದ್ದಾಗ, ಹೊಸ ಪತ್ರವೊಂದು ಸೇರಿದರೂ ಆ ದೊಡ್ಡ ಫೈಲು ಬದಲಾದಂತೆಯೇ; ಕೆಲವು ಆ್ಯಂಟಿವೈರಸ್‌ಗಳು ಅದನ್ನು ಇಡಿಯಾಗಿ ಮತ್ತೆ ಪರೀಕ್ಷಿಸಲು ತೊಡಗುತ್ತವೆ. ವೇಗಕ್ಕಿಂತ ದೊಡ್ಡ ಅಪಾಯವೂ ಇದೆ: ಒಂದು ಕೆಟ್ಟ ಪತ್ರ ಕಂಡರೆ ಇಡೀ ಇನ್‌ಬಾಕ್ಸ್ ಫೈಲನ್ನೇ ಆ್ಯಂಟಿವೈರಸ್ ಬೇರ್ಪಡಿಸಿ ಇಟ್ಟುಬಿಡಬಹುದು. ವಿಂಡೋಸಿನ ಆ್ಯಂಟಿವೈರಸ್ ಪರೀಕ್ಷಿಸದೆ ಬಿಡುವ ಫೋಲ್ಡರುಗಳ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಗೆ ಪ್ರೊಫೈಲ್ ಫೋಲ್ಡರನ್ನು ಸೇರಿಸಿದಾಗ, ಹೊಸ ಪತ್ರ ಬರುವ ಹೊತ್ತಿಗೆ ಪ್ರೋಗ್ರಾಂ ತಡವರಿಸುತ್ತಿದ್ದುದು ಕಡಿಮೆಯಾಯಿತು. ಅಟ್ಯಾಚ್‌ಮೆಂಟನ್ನು ಡೌನ್‌ಲೋಡ್ಸ್ ಫೋಲ್ಡರಿಗೆ ಉಳಿಸುವಾಗ ಪರೀಕ್ಷೆ ಹೇಗೂ ನಡೆಯುತ್ತದೆ. ಇದರ ಜೊತೆಗೆ, ಬರುವ ಪತ್ರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಲು ಆ್ಯಂಟಿವೈರಸ್‌ಗೆ ಅವಕಾಶ ಕೊಡುವ ಆಯ್ಕೆ ಥಂಡರ್‌ಬರ್ಡ್‌ನ ‘ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ’ ಭಾಗದಲ್ಲಿದೆ, ಅದನ್ನು ಆರಿಸಿಕೊಳ್ಳಬೇಕು. ಆದರೂ ಬಂದ ಲಿಂಕನ್ನೆಲ್ಲ ಒತ್ತುವ ಅಭ್ಯಾಸವಿರುವವರು ಮನೆಯಲ್ಲಿದ್ದರೆ ಈ ಪರಿಹಾರವನ್ನು ನಾನು ಸೂಚಿಸಲಾರೆ. ಕಾಂಪ್ಯಾಕ್ಟ್ ಮಾಡಿ ಫೈಲನ್ನು ಚಿಕ್ಕದಾಗಿಸಿದರೆ ಇದರ ಲಾಭದ ಬಹುಪಾಲು ತಾನಾಗಿಯೇ ಸಿಗುತ್ತದೆ.

ಹಳೆಯ ಪತ್ರಗಳನ್ನು ಬೇರ್ಪಡಿಸುವುದು ಮುಂದಿನದು. ಖಾತೆಯ ಸೆಟ್ಟಿಂಗಿನಲ್ಲಿ ವರ್ಷಕ್ಕೊಂದು ಆರ್ಕೈವ್ ಫೋಲ್ಡರ್ ಎಂದು ಆರಿಸಿ, ಬೇಕಾದ ಪತ್ರಗಳನ್ನು ಗುರುತಿಸಿ ‘ಎ’ ಕೀಲಿ ಒತ್ತಿದರೆ ಅವು ಆಯಾ ವರ್ಷದ ಫೋಲ್ಡರಿಗೆ ಹೋಗುತ್ತವೆ. ಹೀಗೆ ಸಾಗಿಸಿದ ಮೇಲೆ ಇನ್‌ಬಾಕ್ಸನ್ನು ಕಾಂಪ್ಯಾಕ್ಟ್ ಮಾಡದಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಸಾಗಿಸಿದ ಪತ್ರಗಳೂ ಹಳೆಯ ಫೈಲಿನಲ್ಲಿ ಹಾಗೆಯೇ ಉಳಿದಿರುತ್ತವೆ. ಈ ಎರಡನ್ನೂ ಸೇರಿಸಿ ಮಾಡಿದಾಗ ಸಿಕ್ಕ ವೇಗ, ಬರೀ ಕಾಂಪ್ಯಾಕ್ಟ್‌ನಿಂದ ಸಿಕ್ಕಿದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಜಿಮೇಲ್ ಖಾತೆಗೆ ಇನ್ನೊಂದು ಅನುಕೂಲವಿದೆ. ಅಲ್ಲಿ ಒಂದೇ ಪತ್ರ ಅದರ ಲೇಬಲಿನ ಫೋಲ್ಡರಿನಲ್ಲಿಯೂ ‘ಆಲ್ ಮೇಲ್’ ಫೋಲ್ಡರಿನಲ್ಲಿಯೂ ಕಾಣಿಸಿಕೊಳ್ಳುವುದರಿಂದ, ಪ್ರೋಗ್ರಾಂ ಒಂದೇ ಪತ್ರದ ಲೆಕ್ಕವನ್ನು ಎರಡೆರಡು ಕಡೆ ಇಡಬೇಕಾಗುತ್ತದೆ. ಜಿಮೇಲ್‌ನ ವೆಬ್ ಸೆಟ್ಟಿಂಗಿನಲ್ಲಿ ‘ಆಲ್ ಮೇಲ್’ ಎದುರಿನ ‘ಶೋ ಇನ್ ಐಮ್ಯಾಪ್’ ಗುರುತನ್ನು ತೆಗೆದದ್ದರಿಂದ ನಮ್ಮಲ್ಲಿ ಆ ಖಾತೆಯ ಭಾರ ತಟ್ಟನೆ ಇಳಿಯಿತು. ಒಂದು ಫೋಲ್ಡರಿನಲ್ಲಿ 1,000, 2,000, 5,000 ಅಥವಾ 10,000 ಪತ್ರಗಳನ್ನು ಮಾತ್ರ ಐಮ್ಯಾಪ್‌ಗೆ ತೋರಿಸುವ ಮಿತಿಯೂ ಅಲ್ಲಿಯೇ ಇದೆ, ಆದರೆ ಆ ಮಿತಿ ದಾಟಿದ ಹಳೆಯ ಪತ್ರಗಳು ಥಂಡರ್‌ಬರ್ಡ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲವಾದ್ದರಿಂದ ನಾನು ಅದನ್ನು ಒಲ್ಲೆನೆಂದೆ.

ಇನ್ನು ಹಣ ಹಾಕಿ ಮಾಡುವ ಪರಿಹಾರ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ; ಓದುವ ಮೊನೆ ಸರಿಯಾದ ಜಾಗಕ್ಕೆ ಸರಿಯಲು ಇನ್ನಷ್ಟು ಸಮಯ ಬೇಕು. ಇಮೇಲ್ ಪ್ರೋಗ್ರಾಂ ತೆರೆಯುವಾಗ ಒಂದೇ ಫೈಲನ್ನು ಸಲೀಸಾಗಿ ಓದುವುದಿಲ್ಲ. ಸೂಚಿ, ಡೇಟಾಬೇಸ್, ಸೆಟ್ಟಿಂಗ್ ಎಂದು ಹತ್ತಾರು ಕಡೆಯ ಚೂರುಪಾರುಗಳನ್ನು ಓದುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆ ಇಲ್ಲ. ಹಳೆಯ ಡೆಸ್ಕ್‌ಟಾಪಿಗೂ ಹೊಂದುವ ಎರಡೂವರೆ ಇಂಚಿನ, ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿ ಹಾಕಿಸಿ, ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿಸಿದ ಮೇಲೆ, ಮೊದಲು ಒಂದು ನಿಮಿಷಕ್ಕೂ ಮೀರಿ ತೆಗೆದುಕೊಳ್ಳುತ್ತಿದ್ದ ಥಂಡರ್‌ಬರ್ಡ್ ಹತ್ತು ಸೆಕೆಂಡಿನೊಳಗೆ ತೆರೆದುಕೊಂಡಿತು. ತೆರೆಯುವ ಸಮಯದ ಮಟ್ಟಿಗೆ ಬೇರೆ ಯಾವ ಪರಿಹಾರವೂ ಇದರ ಹತ್ತಿರ ಸುಳಿಯಲಿಲ್ಲ.

ಆದರೆ ಗಮನಿಸಬೇಕಾದ ಒಂದು ಸಂಗತಿಯಿದೆ. ಕಾಂಪ್ಯಾಕ್ಟ್ ಮಾಡದ ಹಳೆಯ ಪ್ರೊಫೈಲನ್ನೇ ಎಸ್‌ಎಸ್‌ಡಿಯ ಮೇಲೆ ಇಟ್ಟು ನೋಡಿದಾಗ, ಪ್ರೋಗ್ರಾಂ ಬೇಗ ತೆರೆದರೂ ಟೈಪಿಂಗಿನ ಎಳೆದಾಟ ಹಾಗೆಯೇ ಇತ್ತು, ಏಕೆಂದರೆ ಹುಡುಕಾಟದ ಆ ಡೇಟಾಬೇಸ್ ಕಟ್ಟುವ ಕೆಲಸ ಪ್ರೊಸೆಸರನ್ನು ಹಿಡಿದಿಟ್ಟಿತ್ತು. ಅಂಗಡಿಯವರು ಎಸ್‌ಎಸ್‌ಡಿ ಒಂದಿದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವುದನ್ನು ನಾನು ಅಷ್ಟರಮಟ್ಟಿಗೆ ಒಪ್ಪುವುದಿಲ್ಲ. ರ‍್ಯಾಮನ್ನು 4ರಿಂದ 8 ಜಿಬಿಗೆ ಏರಿಸಿದ್ದು ಇಮೇಲ್ ಒಂದೇ ತೆರೆದಿದ್ದಾಗ ಗಮನಕ್ಕೇ ಬರಲಿಲ್ಲ. ಬ್ರೌಸರಿನ ಹಲವು ಟ್ಯಾಬುಗಳೂ ಜೊತೆಗಿದ್ದಾಗ ಮಾತ್ರ ಅದರ ಬೆಲೆ ತಿಳಿಯಿತು. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಸದಾ ತುಂಬಿದಂತೆ ತೋರಿದರಷ್ಟೇ ಅದಕ್ಕೆ ಹಣ ಹಾಕಬೇಕು.

ಕೊನೆಯದಾಗಿ, ಪ್ರೋಗ್ರಾಮನ್ನೇ ಬಿಟ್ಟು ಬ್ರೌಸರಿನಲ್ಲಿ ಇಮೇಲ್ ನೋಡುವ ದಾರಿ. ಹುಡುಕಾಟದ ವೇಗದಲ್ಲಿ ಇದು ಉಳಿದೆಲ್ಲವನ್ನೂ ಸೋಲಿಸುತ್ತದೆ, ಏಕೆಂದರೆ ಹುಡುಕುವ ಶ್ರಮ ಸರ್ವರಿನದು. ಎಲ್ಲ ಪತ್ರಗಳೂ ಜಿಮೇಲ್‌ನಲ್ಲಿಯೇ ಇರುವ ನನ್ನ ತಮ್ಮನಿಗೆ ನಾನು ಇದನ್ನೇ ಹೇಳಿದೆ. ಅವನು ಈಗ ಥಂಡರ್‌ಬರ್ಡನ್ನು ತೆರೆಯುವುದೇ ಇಲ್ಲ. ನಮ್ಮ ಪಿಒಪಿ ಪತ್ರಗಳನ್ನೂ ಥಂಡರ್‌ಬರ್ಡ್‌ನಲ್ಲಿಯೇ ಜಿಮೇಲ್ ಫೋಲ್ಡರಿಗೆ ಎಳೆದು ಹಾಕಿ ಮೇಲಕ್ಕೆ ಕಳಿಸಬಹುದು. ಆದರೆ ಉಚಿತ ಖಾತೆಯ 15 ಜಿಬಿಯನ್ನು ಡ್ರೈವ್ ಮತ್ತು ಫೋಟೋಗಳೂ ಹಂಚಿಕೊಳ್ಳುತ್ತವೆ. ನಮ್ಮಲ್ಲಿ ಮಕ್ಕಳ ಫೋಟೋಗಳೇ ಅದರ ಹೆಚ್ಚು ಪಾಲನ್ನು ಹಿಡಿದಿವೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿಯೂ ಆ ಹಳೆಯ ಪತ್ರಗಳು ಕೈಗೆ ಸಿಗಬೇಕೆಂಬುದು ಮನೆಯವರೆಲ್ಲರ ಇಚ್ಛೆಯಾಗಿತ್ತು. ಆದ್ದರಿಂದ ನಾವು ಥಂಡರ್‌ಬರ್ಡ್‌ನಲ್ಲಿಯೇ ಉಳಿದೆವು: ವರ್ಷವಾರು ಆರ್ಕೈವ್, ಕಾಂಪ್ಯಾಕ್ಟ್, ಹೊಸದಾಗಿ ಕಟ್ಟಿದ ಹುಡುಕಾಟದ ಡೇಟಾಬೇಸ್, ಎಸ್‌ಎಸ್‌ಡಿ ಈ ನಾಲ್ಕೂ ಈಗ ಜಾರಿಯಲ್ಲಿವೆ, ಪ್ರೊಫೈಲಿನ ನಕಲು ಪ್ರತಿ ತಿಂಗಳೂ ಹೊರಗಿನ ಡಿಸ್ಕಿಗೆ ಹೋಗುತ್ತದೆ.