ಸ್ಪಿನ್ ಮಾಪ್: ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಹೊಂದಿತು

ನನ್ನ ಗಂಡ ಇಲ್ಲಿಯವರೇ, ಜರ್ಮನಿಯ ಸ್ಟುಟ್‌ಗಾರ್ಟ್‌ನವರು. ಶನಿವಾರ ಮನೆಯನ್ನೆಲ್ಲ ತಿಕ್ಕಿ ತೊಳೆದರೆ ಮತ್ತೆ ಮುಂದಿನ ಶನಿವಾರವೇ. ನನಗೋ ದಿನಾ ಬೆಳಿಗ್ಗೆ ಕಸ ಗುಡಿಸಿ ನೆಲ ಒರೆಸದಿದ್ದರೆ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ. ಆದರೆ ನಮ್ಮದು ಲ್ಯಾಮಿನೇಟ್ ನೆಲ. ಸಂದಿಗೆ ನೀರು ಇಳಿದರೆ ಹಲಗೆ ಉಬ್ಬುತ್ತದೆ ಅಂತ ಗಂಡನ ತಕರಾರು. ಅವರ ಚಿಂತೆಯೂ ಸರಿಯೇ ಅಲ್ವಾ?

ಈ ಮಾಪ್ ಬಂದ ಮೇಲೆ ಆ ಜಗಳ ನಿಂತಿದೆ. ಬಕೆಟ್‌ನ ಪೆಡಲ್ ತುಳಿದರೆ ಬಟ್ಟೆ ಗಿರ್ರನೆ ತಿರುಗಿ ನೀರೆಲ್ಲ ಹಿಂಡಿಹೋಗುತ್ತದೆ. ಜಾಸ್ತಿ ತುಳಿದಷ್ಟೂ ಒಣ. ನಾನು ಕಾಫಿ ಸೋಸುವಷ್ಟರಲ್ಲಿ ನೆಲ ಆರಿರುತ್ತದೆ. ಬಟ್ಟೆ ಬಿಚ್ಚಿ 60 ಡಿಗ್ರಿಯಲ್ಲಿ ಮಷೀನಿಗೆ ಹಾಕುತ್ತೇನೆ. ಒಗ್ಗರಣೆ ಎಣ್ಣೆ ಸಿಡಿದ ಕಡೆ ಮಾತ್ರ ಬರೀ ನೀರು ಸಾಲದು, ಪಾತ್ರೆ ಸೋಪಿನ ಒಂದೆರಡು ಹನಿ ಬೇಕು.

ಈ ಊರಲ್ಲಿ ಕೇರ್‌ವೋಖೆ ಅಂತ ಇದೆ. ಬಾಗಿಲಿಗೆ ಬೋರ್ಡ್ ನೇತುಹಾಕಿದರೆ ಆ ವಾರ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಅಲ್ಲಿ ಈ ಮಾಪ್ ಸೋತಿತು. ದುಂಡು ತಲೆ, ಮೆಟ್ಟಿಲ ಮೂಲೆಗೆ ಹೋಗುವುದಿಲ್ಲ. ಅಲ್ಲಿಗೆ ಹಳೇ ಬಟ್ಟೆಯೇ ಸರಿ.

ಲ್ಯಾಮಿನೇಟ್ ನೆಲದವರು ಧೈರ್ಯವಾಗಿ ತಗೊಳ್ಳಿ. ಜೊತೆಗೆ ಇನ್ನೊಂದು ಬಟ್ಟೆಯೂ ಇರಲಿ, ಚಳಿಗಾಲದಲ್ಲಿ ಬೇಗ ಒಣಗುವುದಿಲ್ಲ.