ಮಂಗಳವಾರದ ಟಿಕೆಟ್: ಡಿಶ್-ಫಾಲ್ಕ್ ಮೈದಾನಕ್ಕೆ ಬಸ್ಸಿನಲ್ಲಿ ಬರುವ ತಂಡಗಳು

ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದ ಡಿಶ್-ಫಾಲ್ಕ್ ಮೈದಾನದಲ್ಲಿ, ಕಾಲೇಜ್ ಬೇಸ್‌ಬಾಲ್ ನೋಡಬೇಕು ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ದೊಡ್ಡ ತಂಡ ಬರುವ ಶನಿವಾರ ನೋಡಿಕೊಂಡು ಹೋಗಿ ಅಂತ. ನಾನು ನರ್ಸ್. ಶುಕ್ರವಾರ, ಶನಿವಾರ, ಭಾನುವಾರ ಹನ್ನೆರಡು ಗಂಟೆಯ ಡ್ಯೂಟಿ. ನನಗೆ ಉಳಿಯುವುದು ಮಂಗಳವಾರದ ಸಂಜೆ. ಮೂರು ಸೀಸನ್ ಹಿಂದೆ ಮಗನನ್ನು ಕರೆದುಕೊಂಡು ಸುಮ್ನೆ ಒಂದು ಆಟ ನೋಡೋಣ ಅಂತ ಹೋದೆ. ಆಮೇಲೆ ಬಿಡಲಿಲ್ಲ. ಈಗ ಯಾರಾದರೂ ಶನಿವಾರದ ಟಿಕೆಟ್ ಕೊಟ್ಟು ನನ್ನ ಮಂಗಳವಾರದ್ದು ಕೇಳಿದರೆ ಕೊಡುವುದಿಲ್ಲ. ಸೀಸನ್ ಫೆಬ್ರುವರಿ ಮಧ್ಯದಲ್ಲಿ ಶುರುವಾಗುತ್ತದೆ. ಟಿಕೆಟ್ ತೆಗೆದುಕೊಳ್ಳುವ ಯೋಚನೆ ಇದ್ದವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲು ಲೆಕ್ಕ. ಒಂದು ಕಾಲೇಜ್ ತಂಡ ಸೀಸನ್ನಿಗೆ 56 ಆಟ ಆಡಬಹುದು. ಟೆಕ್ಸಸ್ ವಿಶ್ವವಿದ್ಯಾಲಯ 2024ರ ಜುಲೈನಲ್ಲಿ ಎಸ್‌ಇಸಿ ಅನ್ನುವ ಕಾಲೇಜ್ ಲೀಗ್ (ಕಾನ್ಫರೆನ್ಸ್) ಸೇರಿತು. ಅಲ್ಲಿ ಹತ್ತು ವಾರಾಂತ್ಯ, ವಾರಕ್ಕೆ ಮೂರರಂತೆ 30 ಆಟ. ಉಳಿದದ್ದೆಲ್ಲ ಹೊರಗಿನ ತಂಡಗಳ ಜೊತೆ. ಇವನ್ನೇ ನಾನ್-ಕಾನ್ಫರೆನ್ಸ್ ಆಟ ಅನ್ನುತ್ತಾರೆ. ಕೆಲವು ಫೆಬ್ರುವರಿಯ ವಾರಾಂತ್ಯಗಳಲ್ಲಿ ಮುಗಿಯುತ್ತವೆ. ಮಿಕ್ಕವು ವಾರದ ಮಧ್ಯೆ, ಹೆಚ್ಚಾಗಿ ಮಂಗಳವಾರ. ಜನ ಇವನ್ನು ಅಭ್ಯಾಸದ ಆಟ ಅಂದುಕೊಂಡಿದ್ದಾರೆ. ಹಾಗಲ್ಲ.

ಮೈದಾನದ ಬಗ್ಗೆ ಎರಡು ಮಾತು. ಡಿಶ್-ಫಾಲ್ಕ್ ಶುರುವಾಗಿದ್ದು 1975ರಲ್ಲಿ. ಬಿಲ್ಲಿ ಡಿಶ್, ಬಿಬ್ ಫಾಲ್ಕ್ ಅನ್ನುವ ಇಬ್ಬರು ಹಳೆಯ ಕೋಚ್‌ಗಳ ಹೆಸರು ಅದಕ್ಕೆ. ಅದಕ್ಕೂ ಮೊದಲು ತಂಡ ಆಡುತ್ತಿದ್ದ ಕ್ಲಾರ್ಕ್ ಫೀಲ್ಡ್‌ನಲ್ಲಿ ಔಟ್‌ಫೀಲ್ಡ್ ಒಳಗೇ ಸುಣ್ಣದ ಕಲ್ಲಿನ ಒಂದು ದಿಬ್ಬ ಇತ್ತು. ಫೀಲ್ಡರ್‌ಗಳು ಅದನ್ನು ಹತ್ತಿ ಚೆಂಡು ಹಿಡಿಯುತ್ತಿದ್ದರು. ಈಗಿನ ಮೈದಾನದಲ್ಲಿ ಏಳು ಸಾವಿರಕ್ಕಿಂತ ಜಾಸ್ತಿ ಸೀಟು. ಮಂಗಳವಾರ ಎಷ್ಟೋ ಸೀಟು ಖಾಲಿ ಇರುತ್ತವೆ. ನಾನು ಎದುರಾಳಿಗಳ ಡಗೌಟ್ (ಆಟಗಾರರು ಕೂರುವ ಜಾಗ) ಹಿಂದಿನ ಸಾಲನ್ನೇ ಹುಡುಕಿ ಕೂರುತ್ತೇನೆ. ಅಲ್ಲಿ ಕೂತರೆ ಕೋಚ್ ಹುಡುಗರಿಗೆ ಹೇಳುವ ಮಾತು ಕೇಳುತ್ತದೆ. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್, ಚೆಂಡು ಎಸೆಯುವ ಪಿಚರ್ ಹತ್ತಿರ ನಡೆದು ಹೋಗುವಾಗ ಅವನ ಮುಖ ಕಾಣುತ್ತದೆ. ತುಂಬಿದ ಸ್ಟೇಡಿಯಂನಲ್ಲಿ ಇದೆಲ್ಲ ಸಿಗುವುದಿಲ್ಲ.

ಇನ್ನು ಬರುವ ತಂಡಗಳು. ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಆದರೆ ಸುತ್ತಿ ಸುತ್ತಿ ಅದೇ ಹೆಸರುಗಳು ಕಾಣುತ್ತವೆ. ಟೆಕ್ಸಸ್ ಸ್ಟೇಟ್, ಯುಟಿಎಸ್‌ಎ (ಸ್ಯಾನ್ ಆಂಟೋನಿಯೋದಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ), ಸ್ಯಾಮ್ ಹ್ಯೂಸ್ಟನ್, ಲಮಾರ್, ರಿಯೋ ಗ್ರಾಂಡೆ ವ್ಯಾಲಿ, ಇನ್‌ಕಾರ್ನೇಟ್ ವರ್ಡ್. ವೇಳಾಪಟ್ಟಿ ಬಂದ ಕೂಡಲೇ ನಾನು ಇವರ ಹೆಸರಿಗೆ ಗೆರೆ ಎಳೆಯುತ್ತೇನೆ.

ಯುಟಿಎಸ್‌ಎ ಬಂದರೆ ಯೋಚನೆ ಮಾಡಬೇಡಿ, ಟಿಕೆಟ್ ತೆಗೆದುಕೊಳ್ಳಿ. ಸ್ಯಾನ್ ಆಂಟೋನಿಯೋದಿಂದ ಸುಮಾರು 80 ಮೈಲಿ ಬಸ್ಸಿನಲ್ಲಿ ಬರುವ ತಂಡ. 2025ರಲ್ಲಿ ಟೆಕ್ಸಸ್ ಎಸ್‌ಇಸಿಯಲ್ಲಿ ಮೊದಲ ವರ್ಷವೇ ಲೀಗ್ ಗೆದ್ದಿತ್ತು. ವರ್ಷದ ಕೊನೆಯ 64 ತಂಡಗಳ ಟೂರ್ನಿಗೆ ಇಡೀ ದೇಶದಲ್ಲಿ ಎರಡನೇ ಸೀಡ್, ಅಂದರೆ ಎರಡನೇ ಶ್ರೇಯಾಂಕ. ಆ ಟೂರ್ನಿಯ ಮೊದಲ ಹಂತ, ನಾಲ್ಕು ತಂಡಗಳ ರೀಜನಲ್, ಆಸ್ಟಿನ್‌ನಲ್ಲೇ ನಡೆಯಿತು. ಈ ಮೈದಾನದಲ್ಲೇ ಯುಟಿಎಸ್‌ಎ ಟೆಕ್ಸಸ್ ಅನ್ನು ಎರಡು ಸಲ ಸೋಲಿಸಿತು. ಯುಟಿಎಸ್‌ಎ ಮುಂದಿನ ಹಂತವಾದ ಸೂಪರ್ ರೀಜನಲ್ ತಲುಪಿದ್ದು ಅದೇ ಮೊದಲು. ವಾರಾಂತ್ಯವಾದ್ದರಿಂದ ನಾನು ಡ್ಯೂಟಿಯಲ್ಲಿದ್ದೆ. ವಿರಾಮದಲ್ಲಿ ಫೋನ್ ತೆಗೆದರೆ ಮಗನ ಮೆಸೇಜು: "ಅಮ್ಮಾ, ನಿಮ್ಮ ಮಂಗಳವಾರದವರು ಗೆದ್ದರು." ನಾನು ಟೆಕ್ಸಸ್ ಕಡೆಯವಳು. ಸೋಲು ಚುಚ್ಚಿತು. ಆದರೂ ಆ ಹುಡುಗರಿಗಾಗಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಟೆಕ್ಸಸ್ ಸ್ಟೇಟ್ ಬರುವುದು ಸ್ಯಾನ್ ಮಾರ್ಕೋಸ್‌ನಿಂದ. ಬರೀ 30 ಮೈಲಿ. ಹಾಗಾಗಿ ಅವರ ಜನ ಜಾಸ್ತಿ ಬರುತ್ತಾರೆ. ಮಂಗಳವಾರಗಳಲ್ಲಿ ಅತಿ ಹೆಚ್ಚು ಗದ್ದಲ ಇರುವ ಸಂಜೆ ಇದೇ. ಎರಡೂ ಕಡೆಯ ಎಷ್ಟೋ ಹುಡುಗರು ಸ್ಕೂಲ್ ದಿನಗಳಿಂದ ಒಬ್ಬರಿಗೊಬ್ಬರು ಗೊತ್ತು. ವಾರ್ಮಪ್ ಹೊತ್ತಲ್ಲಿ ತಬ್ಬಿಕೊಂಡು ಮಾತಾಡುತ್ತಾರೆ. ಮೊದಲ ಚೆಂಡು ಬಿದ್ದ ಮೇಲೆ ಆ ಸ್ನೇಹ ಎಲ್ಲೂ ಕಾಣುವುದಿಲ್ಲ. 2022ರಲ್ಲಿ ವೃತ್ತಿಪರ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್‌ನಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದ ಪಾಲ್ ಗೋಲ್ಡ್‌ಸ್ಮಿತ್ ಇದೇ ಕಾಲೇಜಿನಿಂದ ಹೋದವರು. ವೃತ್ತಿಪರ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2009ರಲ್ಲಿ, ಅವರನ್ನು ಆರಿಸಿದ್ದು ಎಂಟನೇ ಸುತ್ತಿನಲ್ಲಿ. ಅಂದರೆ ಅವರು ಕಾಲೇಜಿನಲ್ಲಿ ಆಡುತ್ತಿದ್ದಾಗ ಎಷ್ಟೋ ಜನ ನೋಡಿಯೂ ಗಮನಿಸಿರಲಿಲ್ಲ. ಈಗ ಅವರದೇ ಜಾಗವಾದ ಫಸ್ಟ್ ಬೇಸ್‌ನಲ್ಲಿ ನಿಂತ ಹೆಸರು ಗೊತ್ತಿಲ್ಲದ ಹುಡುಗನನ್ನು ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸ್ಯಾಮ್ ಹ್ಯೂಸ್ಟನ್ 2017ರಲ್ಲಿ ಸೂಪರ್ ರೀಜನಲ್ ಆಡಿದ ತಂಡ. ಇವರನ್ನು ಹಗುರವಾಗಿ ನೋಡಬಾರದು. ಲಮಾರ್ ಬೋಮಾಂಟ್‌ನಿಂದ ಬರುತ್ತದೆ, ರಿಯೋ ಗ್ರಾಂಡೆ ವ್ಯಾಲಿ ಮೆಕ್ಸಿಕೋ ಗಡಿ ಹತ್ತಿರದ ಎಡಿನ್‌ಬರ್ಗ್‌ನಿಂದ. ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂತು ಬಂದು, ಆಡಿ, ರಾತ್ರಿಯೇ ವಾಪಸ್ ಹೊರಡುವ ಹುಡುಗರೂ ಇರುತ್ತಾರೆ. ಮರುದಿನ ಕ್ಲಾಸ್ ಇದೆಯಲ್ವಾ.

ಮಂಗಳವಾರದ ಆಟ ಯಾಕೆ ಇಷ್ಟು ಬಿಗಿಯಾಗುತ್ತದೆ ಅನ್ನುವುದು ನನಗೆ ಅರ್ಥವಾಗಲು ಒಂದು ಸೀಸನ್ ಬೇಕಾಯಿತು. ಕಾರಣ ಪಿಚಿಂಗ್. ದೊಡ್ಡ ತಂಡದ ಮೂವರು ಒಳ್ಳೆಯ ಪಿಚರ್‌ಗಳು ಶುಕ್ರವಾರ, ಶನಿವಾರ, ಭಾನುವಾರಕ್ಕೆ ಮೀಸಲು. ಮಂಗಳವಾರ ಬರುವವನು ಹೆಚ್ಚಾಗಿ ಮೊದಲ ವರ್ಷದ ಹುಡುಗ, ಇಲ್ಲವೇ ಗಾಯದಿಂದ ಈಗಷ್ಟೇ ಎದ್ದವನು. ಆಟಕ್ಕೆ ಒಂಬತ್ತು ಇನ್ನಿಂಗ್ಸ್. ಅದರಲ್ಲಿ ಎರಡು ಇನ್ನಿಂಗ್ಸ್ ಒಬ್ಬ, ಒಂದು ಇನ್ನಿಂಗ್ಸ್ ಇನ್ನೊಬ್ಬ. ಒಂದೇ ರಾತ್ರಿ ಆರೇಳು ಪಿಚರ್‌ಗಳನ್ನು ನೋಡಿದ್ದೇನೆ. ಹಾಗಾಗಿ ಅಂತರ ಕಡಿಮೆಯಾಗುತ್ತದೆ. ಎದುರಿನ ತಂಡದ ಬ್ಯಾಟರ್‌ಗಳಲ್ಲಿ ನಾಲ್ಕನೇ, ಐದನೇ ವರ್ಷದವರು ಇರುತ್ತಾರೆ. ಹದಿನೆಂಟರ ಹುಡುಗ ಗಂಟೆಗೆ 95 ಮೈಲಿ ವೇಗದಲ್ಲಿ ಎಸೆದರೂ ಅವರು ಹೆದರುವುದಿಲ್ಲ. ಕೆಟ್ಟ ಚೆಂಡು ಬಿಡುತ್ತಾರೆ, ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಉಚಿತ ಬೇಸ್) ಪಡೆಯುತ್ತಾರೆ, ಬಂಟ್ ಮಾಡುತ್ತಾರೆ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟುತ್ತಾರೆ. ನೋಡನೋಡುತ್ತಾ ಎರಡು ರನ್ ಬಂದಿರುತ್ತದೆ.

ಇನ್ನೊಂದು ಕಾರಣ ಆರ್‌ಪಿಐ. ಗೆಲುವು ಸೋಲು, ಎದುರಾಳಿಗಳ ಬಲ ನೋಡಿ ತಂಡಕ್ಕೆ ಕೊಡುವ ಅಂಕಿ ಅದು. ಮೇ ಕೊನೆಯಲ್ಲಿ ಟೂರ್ನಿಗೆ 64 ತಂಡಗಳನ್ನು ಆರಿಸುವ ಸಮಿತಿ ಈ ಅಂಕಿ ನೋಡುತ್ತದೆ. ಅದರ ಲೆಕ್ಕದಲ್ಲಿ ಸ್ವಂತ ಮೈದಾನದ ಗೆಲುವಿಗೆ 0.7 ಬೆಲೆ, ಸೋಲಿಗೆ 1.3. ಹೊರಗಿನಿಂದ ಬಂದ ತಂಡಕ್ಕೆ ಇದು ತಿರುಗಾಮುರುಗಾ. ಗೆದ್ದರೆ 1.3, ಸೋತರೆ 0.7. ಅಂದರೆ ಮಂಗಳವಾರ ಟೆಕ್ಸಸ್ ಗೆದ್ದರೆ ಸಿಗುವುದು ಸ್ವಲ್ಪ, ಸೋತರೆ ಹೋಗುವುದು ಜಾಸ್ತಿ. ಎದುರಾಳಿಗೆ ಒಂದು ಗೆಲುವು ಇಡೀ ವರ್ಷದ ದೊಡ್ಡ ಸುದ್ದಿ. ಎಂಟನೇ ಇನ್ನಿಂಗ್ಸ್‌ನಲ್ಲಿ ಸ್ಕೋರ್ ಸಮ ಇದ್ದಾಗ ಎರಡೂ ಡಗೌಟ್ ನೋಡಿ. ಯಾರೂ ಕೂತಿರುವುದಿಲ್ಲ.

ಸೋಮವಾರ ರಾತ್ರಿ ಊಟ ಆದ ಮೇಲೆ ನಾನೂ ಮಗನೂ ಒಂದು ಕೆಲಸ ಮಾಡುತ್ತೇವೆ. ಎದುರಾಳಿಗಳ ಹಿಂದಿನ ಮೂರು ಆಟಗಳ ಬಾಕ್ಸ್ ಸ್ಕೋರ್ (ಯಾರು ಏನು ಮಾಡಿದರು ಅನ್ನುವ ಪಟ್ಟಿ) ತೆಗೆಯುತ್ತೇವೆ. ಭಾನುವಾರ ಯಾವ ರಿಲೀವರ್ (ಆಟದ ಮಧ್ಯೆ ಬರುವ ಪಿಚರ್) 40 ಚೆಂಡು ಎಸೆದ ಅಂತ ನೋಡುತ್ತೇವೆ. ಅವನು ಮಂಗಳವಾರ ಬರುವುದು ಅನುಮಾನ. ಯಾರು ಮೂರು ದಿನ ಸುಮ್ನೆ ಕೂತಿದ್ದಾರೆ ಅಂತ ನೋಡುತ್ತೇವೆ, ಬರುವವರು ಅವರೇ. ಆಮೇಲೆ ಬ್ಯಾಟರ್‌ಗಳು. ಸರಾಸರಿಗಿಂತ ನಾನು ವಾಕ್ ಎಷ್ಟು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗುವುದು) ಎಷ್ಟು ಅಂತ ನೋಡುತ್ತೇನೆ. ಎರಡೂ ಹತ್ತಿರ ಹತ್ತಿರ ಇದ್ದರೆ ಅವನು ನಮ್ಮ ಹೊಸ ಪಿಚರ್‌ಗೆ ಕಷ್ಟ ಕೊಡುತ್ತಾನೆ. ಮಗ ಸ್ಕೋರ್‌ಬುಕ್‌ನಲ್ಲಿ ಅಂಥವರ ಹೆಸರಿನ ಪಕ್ಕ ಚುಕ್ಕೆ ಇಡುತ್ತಾನೆ. ಇಪ್ಪತ್ತು ನಿಮಿಷದ ಕೆಲಸ. ಇಷ್ಟು ಮಾಡಿ ಹೋದರೆ ಆಟವೇ ಬೇರೆಯಾಗಿ ಕಾಣುತ್ತದೆ.

ಹೋದ ಸೀಸನ್ ಹಾಗೆ ಚುಕ್ಕೆ ಇಟ್ಟಿದ್ದ ಒಬ್ಬ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಇದ್ದ. ಚಿಕ್ಕ ಮೈಕಟ್ಟು. ಮೊದಲ ಸಲ ಬಂದಾಗ ಹನ್ನೊಂದು ಚೆಂಡು ಎದುರಿಸಿ ವಾಕ್ ಪಡೆದ. ಆರನೇ ಇನ್ನಿಂಗ್ಸ್‌ನಲ್ಲಿ ಎಡಕ್ಕೆ ಹಾರಿ ಚೆಂಡು ತಡೆದು, ಮಂಡಿಯ ಮೇಲಿಂದಲೇ ಎಸೆದು ಔಟ್ ಮಾಡಿದ. ಟೆಕ್ಸಸ್ ಜನವೂ ಎದ್ದು ಚಪ್ಪಾಳೆ ತಟ್ಟಿದರು. ಅವರ ತಂಡ ಸೋತಿತು. ಆಟ ಮುಗಿದ ಮೇಲೆ ಅವನು ಬೇಲಿ ಹತ್ತಿರ ಅಪ್ಪ ಅಮ್ಮನ ಜೊತೆ ಐದು ನಿಮಿಷ ನಿಂತು, ಊಟದ ಡಬ್ಬಿ ತೆಗೆದುಕೊಂಡು ಬಸ್ ಕಡೆ ಓಡಿದ. ನನ್ನ ಮಗ ಈಗಲೂ ಅವನ ಹಾಗೆ ಎಡಕ್ಕೆ ಹಾರುವುದನ್ನು ಅಭ್ಯಾಸ ಮಾಡುತ್ತಾನೆ.

ಕೊರತೆಗಳೂ ಇವೆ. ಪಿಚರ್ ಬದಲಾವಣೆ ಜಾಸ್ತಿ, ಆಟ ಎಳೆಯುತ್ತದೆ. ಮೂರೂವರೆ ಗಂಟೆ ದಾಟಿದ್ದೂ ಉಂಟು. ಏಳು ಇನ್ನಿಂಗ್ಸ್ ಆದ ಮೇಲೆ ಹತ್ತು ರನ್ ಅಂತರವಿದ್ದರೆ ಆಟ ನಿಲ್ಲಬಹುದು. ಹಾಗಾದಾಗ ದುಡ್ಡು ಕೊಟ್ಟು ಬಂದವರಿಗೆ ಬೇಜಾರು. ಫೆಬ್ರುವರಿಯಲ್ಲಿ ಬಿಸಿಲು ಇಳಿದ ಮೇಲೆ ಗಾಳಿ ಕೊರೆಯುತ್ತದೆ, ಮಧ್ಯಾಹ್ನದ ಬಿಸಿಲನ್ನು ನಂಬಿ ತೆಳು ಬಟ್ಟೆಯಲ್ಲಿ ಬರಬೇಡಿ. ಐ-35 ರಸ್ತೆಯ ಸಂಜೆಯ ಟ್ರಾಫಿಕ್ ಲೆಕ್ಕ ಹಾಕಿ ಒಂದು ಗಂಟೆ ಮೊದಲೇ ಹೊರಡಿ. ಬ್ಯಾಗ್ ಒಯ್ಯುವುದಾದರೆ ಪಾರದರ್ಶಕವಾಗಿರಬೇಕು.

ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. ಮೊದಲ ವರ್ಷ ನಾನು ಒಂದು ಮರುಮಾರಾಟದ ಆಪ್‌ನಲ್ಲಿ ಕೊಂಡೆ. ತೋರಿಸಿದ ಬೆಲೆ ಒಂದು, ಕೊನೆಗೆ ಕಾರ್ಡಿನಿಂದ ಹೋಗಿದ್ದು ಇನ್ನೊಂದು. 2025ರ ಮೇ ತಿಂಗಳಿಂದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಅನ್ನುವ ಫೆಡರಲ್ ನಿಯಮ ಬಂದಿದೆ. ಆದರೂ ಮಂಗಳವಾರಕ್ಕೆ ಮರುಮಾರಾಟದ ಅಗತ್ಯವೇ ಇಲ್ಲ. ಕಾಲೇಜಿನ ಟಿಕೆಟ್ ಪುಟದಲ್ಲೇ ಸಿಗುತ್ತದೆ.

ಫೆಬ್ರುವರಿಯ ದೊಡ್ಡ ವಾರಾಂತ್ಯಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ, ಡ್ಯೂಟಿ ಬಿಡುವುದಿಲ್ಲ. ಆದರೆ ಆ ಆಟಗಳನ್ನು ಮರೆಯಬೇಡಿ. 2025ರ ಸೀಸನ್ನಿನ ಮೊದಲ ದಿನ ಆರ್ಲಿಂಗ್ಟನ್‌ನಲ್ಲಿ ಟೆಕ್ಸಸ್ ಲೂಯಿವಿಲ್‌ಗೆ ಸೋತಿತು. ಜನ ಬೈದರು. ಅದೇ ಲೂಯಿವಿಲ್ ಜೂನ್‌ನಲ್ಲಿ ಒಮಾಹಾ ತಲುಪಿತು, ಟೂರ್ನಿಯ ಕೊನೆಯ ಎಂಟು ತಂಡಗಳು ಆಡುವ ಕಾಲೇಜ್ ವರ್ಲ್ಡ್ ಸೀರೀಸ್‌ಗೆ. ಅದೇ ವರ್ಷ ಮರ್ರೇ ಸ್ಟೇಟ್ ಕೂಡ ಅಲ್ಲಿಗೆ ಹೋಯಿತು. ತನ್ನ ರೀಜನಲ್‌ನಲ್ಲಿ ನಾಲ್ಕನೇ, ಅಂದರೆ ಕೊನೆಯ ಸೀಡ್ ಆಗಿದ್ದ ತಂಡ ಅದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಆಟ ಎಳೆಯುವುದಕ್ಕೆ, ಬೆಳಗ್ಗೆ ಬೇಗ ಏಳುವ ಮಕ್ಕಳಿಗೆ ಕಷ್ಟ. ಬರೀ ಹೆಸರಾಂತ ಆಟಗಾರರನ್ನು ನೋಡಬೇಕು ಅನ್ನುವವರು ಶುಕ್ರವಾರ ಹೋಗಿ. ಆಟ ಕಲಿಯುತ್ತಿರುವ ಮಕ್ಕಳಿದ್ದರೆ ಮಂಗಳವಾರವೇ ಸರಿ. ನನಗೆ ಈಗ ಉಳಿದಿರುವ ಕೆಲಸ ಒಂದೇ. ಟೆಕ್ಸಸ್ ಸ್ಟೇಟ್ ಬರುವ ದಿನ ನೋಡಿಕೊಂಡು, ಆ ವಾರ ಯಾರಿಗೂ ನನ್ನ ರಜೆ ಬದಲಾಯಿಸಿ ಕೊಡುವುದಿಲ್ಲ ಅಂತ ವಾರ್ಡಿನಲ್ಲಿ ಮೊದಲೇ ಹೇಳಿಡಬೇಕು.