‘ಫುಲ್ ಅಪ್‌ಡೇಟ್’ ಅಂತ 700 ರೂಪಾಯಿ ಕೊಟ್ಟವನ ಕಥೆ. ಕಲಬುರಗಿಯವರು ಓದಿ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಅಂತ ಎರಡು ದಿನ ಕಾದೆ, ಆಗಲಿಲ್ಲ. ಹೀಗೇ ಬರೆದುಬಿಡುತ್ತೇನೆ.

ನನ್ನದು ಕಲಬುರಗಿಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಅರ್ಜಿ ಟೈಪಿಂಗ್. ಒಂದು ಹಳೆ ಕಂಪ್ಯೂಟರ್ ಇದೆ, ವಿಂಡೋಸ್ 7. ಹೊಸದು ಯಾಕೆ ತಗೊಳ್ಳಲಿಲ್ಲ ಅಂತ ಕೇಳಬೇಡಿ. ನನ್ನ ಪ್ರಿಂಟರಿಗೆ ಹೊಸ ವಿಂಡೋಸ್‌ನ ಡ್ರೈವರ್ ಇಲ್ಲ. ಹತ್ತು ಹನ್ನೆರಡು ವರ್ಷದ ಪತ್ರಿಕೆಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೆ ಫಾಂಟಿನಲ್ಲಿ ಕೂತಿವೆ. ಅದು ನಡೆಯುವಷ್ಟು ದಿನ ನಡೆಯಲಿ ಅಂತ ಇಟ್ಟುಕೊಂಡಿದ್ದೇನೆ, ಅಷ್ಟೇ.

ಶರಣಬಸವೇಶ್ವರ ಜಾತ್ರೆ ಮುಗಿದು ಲಗ್ನದ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ಅದು ಕೈಕೊಟ್ಟಿತು. ಆನ್ ಆಗುತ್ತದೆ, ಲೋಗೋ ಬರುತ್ತದೆ, ಮತ್ತೆ ರೀಸ್ಟಾರ್ಟ್. ಬಿಸಿಲಲ್ಲಿ ಸಿಪಿಯು ಹೊತ್ತುಕೊಂಡು ಆಟೋದಲ್ಲಿ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆ. ಹೆಸರು ಹಾಕುವುದಿಲ್ಲ.

‘ಹೊಸದಾಗಿ ಹಾಕಬೇಕ್ರಿ. ಸರ್ವಿಸಿಂಗ್ 500. ಫುಲ್ ಅಪ್‌ಡೇಟ್ ಬೇಕಂದ್ರ ಇನ್ನೊಂದು 700.’

ನಾನೇ ಕೇಳಿದೆ, ಅಪ್‌ಡೇಟ್ ಅಂದರೆ ಎಲ್ಲಾ ಬರುತ್ತಾ ಅಂತ. ‘ಎಲ್ಲಾ ಬರ್ತದ್ರಿ, ಯಾಕ ಚಿಂತಿ ಮಾಡ್ತೀರಿ’ ಅಂದ. ಸಿಪಿಯು ಮೈಮೇಲೆ ಕಂಪನಿಯ ಸ್ಟಿಕ್ಕರ್ ಇದೆ, ವಿಂಡೋಸ್ 7ರಲ್ಲಿ ಹೋಮ್ ಬೇಸಿಕ್ ಅನ್ನೋ ಸಾದಾ ನಮೂನೆ, ಕೆಳಗೆ 25 ಅಕ್ಷರದ ಕೀ. ದುಡ್ಡು ಕೊಟ್ಟು ತಗೊಂಡ ಅಸಲಿ ಮಾಲು. ಅದನ್ನೂ ತೋರಿಸಿದೆ. ತಲೆ ಅಲ್ಲಾಡಿಸಿದ.

ಎರಡು ತಾಸಿಗೆ ಫೋನ್ ಬಂತು. ‘ರೆಡಿ ಅದ, ಬರ್ರಿ.’ ಎರಡು ತಾಸು! ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ‘ಅಲ್ಟಿಮೇಟ್ ಹಾಕೀನ್ರಿ, ಎಲ್ಲಕ್ಕಿಂತ ದೊಡ್ಡದು’ ಅಂದಾಗ ನಾನು ಖುಷಿಪಟ್ಟೆ. ಖುಷಿಪಟ್ಟೆ, ಅದೇ ಈಗ ಹೊಟ್ಟೆ ಉರಿಸುತ್ತಿರುವುದು. ಹೋಮ್ ಬೇಸಿಕ್‌ನ ಕೀಗೆ ಅಲ್ಟಿಮೇಟ್ ಹೇಗೆ ನಡೆಯುತ್ತದೆ ಅಂತ ಒಂದು ಮಾತು ಕೇಳಲಿಲ್ಲ. 1,200 ಎಣಿಸಿ ಕೊಟ್ಟು ಬಂದೆ. ಬಿಲ್ ಕೂಡ ಕೇಳಲಿಲ್ಲ.

ಒಂಬತ್ತನೇ ದಿನ. ಸೇಡಂ ಕಡೆಯ ಒಂದು ಮನೆಯವರು ಪತ್ರಿಕೆಯ ಪ್ರೂಫ್ ನೋಡಲು ಬಂದು ಕೂತಿದ್ದರು. ಕಂಪ್ಯೂಟರ್ ಆನ್ ಮಾಡಿದರೆ ಹಿಂದಿನ ಚಿತ್ರ ಹೋಗಿ ಪೂರ್ತಿ ಕಪ್ಪು ಪರದೆ. ಬಲಗಡೆ ಕೆಳಗೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು: ವಿಂಡೋಸ್ 7, ಬಿಲ್ಡ್ 7600, ಈ ಪ್ರತಿ ಅಸಲಿ ಅಲ್ಲ. ಅವರ ಮನೆಯ ಹುಡುಗ ಜೋರಾಗಿ ಓದಿಬಿಟ್ಟ. ‘ಅಂಕಲ್, ನಿಮ್ದು ಡೂಪ್ಲಿಕೇಟ್!’ ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡುವುದು.

ಅವರು ಹೋದ ಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ತೆರೆದೆ. ಕೊನೆಯ ಸಲ ಅಪ್‌ಡೇಟ್ ಹುಡುಕಿದ್ದು: ನೆವರ್. ಅಪ್‌ಡೇಟ್ ಹಾಕಿದ್ದು: ನೆವರ್. ಎರಡು ಸಲ ನೆವರ್. 700 ರೂಪಾಯಿಗೆ ಎರಡು ನೆವರ್. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಫೋನ್ ಮಾಡಿದೆ.

‘ಸೆವೆನ್‌ಗ ಈಗ ಅಪ್‌ಡೇಟ್ ಬರಂಗಿಲ್ರಿ. ಕಂಪನಿನೇ ಬಂದ್ ಮಾಡ್ಯಾದ.’

‘ಹಾಗಾದ್ರೆ 700 ಯಾವುದಕ್ಕೆ ತಗೊಂಡ್ರಿ?’

‘ಫುಲ್ ಅಪ್‌ಡೇಟಿಗ್ರಿ.’

‘ಬರಂಗಿಲ್ಲ ಅಂದ್ರಲ್ಲ ಈಗ?’

‘ಬರಂಗಿಲ್ಲ, ಅದಕ್ಕೇ ಆಫ್ ಮಾಡೀನಿ. ಆನ್ ಇಟ್ರ ಸ್ಕ್ರೀನ್ ಕಪ್ಪಾಗ್ತದ. ನಿಮ್ಮ ಒಳ್ಳೇದಕ್ಕೇ ಮಾಡಿದ್ದದು.’

ಈ ಕೊನೇ ಮಾತು ಅವನ ಬಾಯಿಂದ ತಾನಾಗಿ ಬಿತ್ತು. ಅಸಲಿ ವಿಂಡೋಸ್ ಆದರೆ ಅಪ್‌ಡೇಟ್ ಆನ್ ಇಟ್ಟರೆ ಸ್ಕ್ರೀನ್ ಯಾಕೆ ಕಪ್ಪಾಗುತ್ತದೆ? ಅಂದರೆ ಕ್ರ್ಯಾಕ್ ಹಾಕಿದ್ದಾನೆ, ನಕಲಿ ವಿಂಡೋಸನ್ನು ಅಸಲಿ ಅಂತ ನಂಬಿಸುವ ಕಳ್ಳ ಪ್ರೋಗ್ರಾಂ. ನನ್ನ ಹತ್ತಿರ ಅಸಲಿ ಕೀ ಇದ್ದೂ ಕ್ರ್ಯಾಕ್ ಹಾಕಿದ್ದಾನೆ!

ಅವನು ಹೇಳಿದ್ದರಲ್ಲಿ ಅರ್ಧ ಖರೇ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ನಮ್ಮಂಥವರಿಗೆ ಹೊಸದು ಬರುವುದಿಲ್ಲ. ಆದರೆ ಅಲ್ಲಿವರೆಗಿನದು? 2009ರಲ್ಲಿ ಬಂದ ವಿಂಡೋಸ್‌ಗೆ ಹತ್ತು ವರ್ಷದಲ್ಲಿ ಬಂದ ತೇಪೆಗಳು ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್ ವೆಬ್‌ಸೈಟಿನಲ್ಲಿ ಈಗಲೂ ಸಿಗುತ್ತವೆ. ಇವನು ಒಂದನ್ನೂ ಹಾಕಿಲ್ಲ. ಬಿಲ್ಡ್ 7600 ಅಂದರೆ 2011ರಲ್ಲಿ ಬಂದ ಸರ್ವಿಸ್ ಪ್ಯಾಕ್ 1, ಅಂದರೆ ತೇಪೆಗಳ ಮೊದಲ ದೊಡ್ಡ ಗಂಟು, ಅದು ಕೂಡ ಇಲ್ಲ. ಇದ್ದಿದ್ದರೆ 7601 ಅಂತ ತೋರಿಸುತ್ತಿತ್ತು. ಇದೆಲ್ಲ ನನಗೆ ಹೇಳಿದ್ದು ನನ್ನ ತಂಗಿಯ ಮಗ. ನಾನು ಹಾಕಿಕೊಂಡ ಆಂಟಿವೈರಸ್ಸೇ ಆ ಕ್ರ್ಯಾಕ್ ಫೈಲನ್ನು ಕಿತ್ತುಹಾಕಿತ್ತಂತೆ, ಅದಕ್ಕೇ ಪರದೆ ಕಪ್ಪಾಗಿದ್ದು.

ಆ ತಂಗಿಯ ಮಗನೇ ಶನಿವಾರ ಸಂಜೆ ಬಂದು ಕೂತ. ಸರ್ವಿಸ್ ಪ್ಯಾಕ್ 1 ಸೇರಿದ್ದ ಹೋಮ್ ಬೇಸಿಕ್ ಹಾಕಿ, ಸ್ಟಿಕ್ಕರಿನ ಕೀ ಒತ್ತಿದ. ನಡೆಯಿತು! ಆಮೇಲೆ ಅಪ್‌ಡೇಟ್ ಒತ್ತಿದರೆ ಕೆಂಪು ಗುರುತು, 80072ಇಎಫ್‌ಇ ಅಂತ ಎರರ್. ಅಪ್‌ಡೇಟ್ ಮೈಕ್ರೋಸಾಫ್ಟ್‌ನದೇ ಅಂತ ತೋರಿಸುವ ಈಗಿನ ಡಿಜಿಟಲ್ ಸಹಿ ಓದಲು ಹಳೆ ವಿಂಡೋಸ್‌ಗೆ ಬರುವುದಿಲ್ಲವಂತೆ, ಎಸ್‌ಎಚ್‌ಎ-2 ಅಂತಾರೆ. ಅದಕ್ಕೆ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ಮೊದಲು ಕೆಬಿ 4490628, ಆಮೇಲೆ ಕೆಬಿ 4474419 ಹಾಕಿದ (ಕೆಬಿ ಅಂದರೆ ಮೈಕ್ರೋಸಾಫ್ಟ್ ತನ್ನ ತೇಪೆಗೆ ಕೊಡುವ ನಂಬರ್). ನಂತರ ಕೆಬಿ 3020369, ಅದರ ಮೇಲೆ 2016ರ ದೊಡ್ಡ ಗಂಟು ಕೆಬಿ 3125574. ಪ್ರತಿ ಸಲ ರೀಸ್ಟಾರ್ಟ್. ಆಮೇಲೆ ಅಪ್‌ಡೇಟ್ ತಾನಾಗಿ ಹುಡುಕಲು ಶುರು ಮಾಡಿತು. ಹುಡುಕುತ್ತಾ, ಹುಡುಕುತ್ತಾ ರಾತ್ರಿಯಾಯಿತು. ನಡುವೆ ಒಂದು ಸಲ ಕರೆಂಟ್ ಹೋಯಿತು, ಯುಪಿಎಸ್ ಇತ್ತು, ಬಚಾವ್. ಭಾನುವಾರ ಮಧ್ಯಾಹ್ನ ಮುಗಿಯಿತು. ಎರಡು ತಾಸಿನ ಕೆಲಸ ಅಲ್ಲ ಅದು. ಅವನಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಿಟ್ಟರೆ ನನಗೆ ಒಂದು ಪೈಸೆ ಖರ್ಚಾಗಲಿಲ್ಲ.

ನೀವು ಹಳೆ ಕಂಪ್ಯೂಟರ್ ಕೊಟ್ಟರೆ ಕೌಂಟರಿನಲ್ಲೇ ಆನ್ ಮಾಡಿಸಿ. ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ ಸರ್ವಿಸ್ ಪ್ಯಾಕ್ 1 ಇದೆಯಾ, ಸ್ಟಿಕ್ಕರಿನ ಹೆಸರೂ ಅಲ್ಲಿನ ಹೆಸರೂ ಒಂದೇನಾ ನೋಡಿ. ಅಪ್‌ಡೇಟ್ ಪುಟದಲ್ಲಿ ನೆವರ್ ಅಂತಿದ್ದರೆ ದುಡ್ಡಿಗೂ ಅದನ್ನೇ ಹೇಳಿ. ಸರಿಯಾಗಿ ಮಾಡಿಕೊಟ್ಟರೂ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ. ಇಂಟರ್ನೆಟ್ ನೋಡುವ ಕ್ರೋಮ್ ಕೂಡ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ, ಹೊಸದು ಬರುವುದಿಲ್ಲ.

ದುಡ್ಡು ವಾಪಸ್ ಕೇಳಿದೆ. ವಾಟ್ಸಾಪಿನಲ್ಲಿ ಉತ್ತರ ಬಂತು: ‘ಮತ್ತೊಮ್ಮೆ ತರ್ರಿ, ಹಳೇ ಗಿರಾಕಿ ಅಂತ 300ದಾಗ ಮಾಡಿಕೊಡ್ತೀನಿ.’ ಕೆಳಗೆ ಕೈಮುಗಿದ ಚಿತ್ರ.

ಇನ್ನೊಂದು ವಿಷಯ ಬರೆಯಲು ನಾಚಿಕೆ. ಆ ಅಲ್ಟಿಮೇಟ್ ಖುಷಿಯಲ್ಲಿ ನಮ್ಮ ಭಾವನಿಗೂ ಇದೇ ಅಂಗಡಿ ಹೇಳಿಬಿಟ್ಟಿದ್ದೆ. ಅವರ ಸಿಪಿಯು ಮೊನ್ನೆಯಿಂದ ಅಲ್ಲೇ ಇದೆ. ಇನ್ನೂ ಫೋನ್ ಮಾಡಿಲ್ಲ ನಾನು.